37ರಲ್ಲಿ ಗಣಕದ ಓನಾಮ: ಗ್ರೇಸ್ ಹಾಪರ್ ಬದುಕಿನ ಕಥೆ

ಎಳವೆಯಲ್ಲೇ ಕೈಹಚ್ಚದವರಿಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಒಲಿಯುವುದಿಲ್ಲ ಎಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ಅಂಥವರು ಒಮ್ಮೆ ಅಮೆರಿಕದ ಗ್ರೇಸ್ ಹಾಪರ್ ಅವರ ಜೀವನದತ್ತ ಕಣ್ಣುಹಾಯಿಸಬೇಕು. ಆಕೆ ಪ್ರೋಗ್ರಾಮಿಂಗ್‌ನ ಮೊದಲ ಪಾಠ ಕಲಿತದ್ದು ತಮ್ಮ 37ನೆಯ ವಯಸ್ಸಿನಲ್ಲಿ. ಆಗ ಅದನ್ನು ಕಲಿಸುವ ಶಾಲೆಯಿರಲಿಲ್ಲ, ಪಠ್ಯಪುಸ್ತಕವೂ ಇರಲಿಲ್ಲ.

ಗ್ರೇಸ್ ಜನಿಸಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳರ ಬಾಲೆ ಅಲಾರಂ ಗಡಿಯಾರದ ಒಳಗುಟ್ಟು ತಿಳಿಯಲು ಮನೆಯಲ್ಲಿದ್ದ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ ಹರವಿದ್ದಳು. ಈ ಕುತೂಹಲವೇ ಮುಂದೆ ಗಣಿತದತ್ತ ಸೆಳೆಯಿತು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದ ಗ್ರೇಸ್, ತಾವು ಓದಿದ ವಾಸ್ಸರ್ ಕಾಲೇಜಿನಲ್ಲೇ ಅಧ್ಯಾಪಕಿಯಾಗಿದ್ದರು.

ಎರಡನೆಯ ಮಹಾಯುದ್ಧ ಆ ನೆಮ್ಮದಿಯ ಬದುಕಿನ ದಿಕ್ಕನ್ನೇ ಬದಲಿಸಿತು. ನೌಕಾಪಡೆ ಸೇರಲು ಹೊರಟ ಆಕೆಗೆ ವಯಸ್ಸು ಅಡ್ಡಿಯಾಯಿತು. ದೇಹದ ತೂಕವೂ ನಿಗದಿಗಿಂತ ಕಡಿಮೆಯಿತ್ತು. ಆದರೂ ಪಟ್ಟು ಬಿಡದೆ ವಿಶೇಷ ಅನುಮತಿ ಪಡೆದು 1943ರ ಡಿಸೆಂಬರ್‌ನಲ್ಲಿ ಮೀಸಲು ಪಡೆಗೆ ಸೇರಿದರು. 1944ರ ಜುಲೈನಲ್ಲಿ ಅವರನ್ನು ಕಳುಹಿಸಿದ್ದು ಹಡಗಿಗಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಗೆ.

ಅಲ್ಲಿ ಹೊವಾರ್ಡ್ ಐಕೆನ್ ನೇತೃತ್ವದಲ್ಲಿ 'ಮಾರ್ಕ್ 1' ಎಂಬ ದೈತ್ಯ ಗಣಕವಿತ್ತು. 51 ಅಡಿ ಉದ್ದ, 8 ಅಡಿ ಎತ್ತರದ ಆ ಯಂತ್ರ ಒಂದು ಸೆಕೆಂಡಿಗೆ ಮಾಡುತ್ತಿದ್ದ ಕೂಡಿಕೆ ಬರಿಯ ಮೂರು! ಕಾಗದದ ಪಟ್ಟಿಯಲ್ಲಿ ಕೊರೆದ ರಂಧ್ರಗಳೇ ಅದಕ್ಕೆ ಆಜ್ಞೆಗಳು. ಯಂತ್ರವನ್ನು ಎಂದೂ ಕಂಡಿರದ ಗಣಿತದ ಮೇಡಂ, ತಮಗಿಂತ ಕಿರಿಯರಾದ ಇಬ್ಬರು ಅಧಿಕಾರಿಗಳ ಬಳಿ ಶಿಷ್ಯೆಯಾಗಿ ಕುಳಿತರು. ಸಂಕೇತಗಳ ಒಂದು ಚಿಕ್ಕ ಪಟ್ಟಿ, ಯಂತ್ರದ ನಕ್ಷೆಗಳು, ಹಗಲಿರುಳಿನ ದುಡಿಮೆ. ಇಷ್ಟೇ ಅವರ ಬಂಡವಾಳ. 1946ರಲ್ಲಿ ಆ ಗಣಕಕ್ಕೆ 500ಕ್ಕೂ ಹೆಚ್ಚು ಪುಟಗಳ ಕೈಪಿಡಿ ಹೊರಬಂದಾಗ, ಅದರ ಬಹುಭಾಗ ಬರೆದವರು ಅದೇ ಶಿಷ್ಯೆ.

ಕಲಿಕೆಯ ಆ ದಿನಗಳಲ್ಲೇ ಆಕೆ ಒಂದು ಸಂಗತಿಯನ್ನು ಗಮನಿಸಿದ್ದರು. ಒಮ್ಮೆ ಸರಿಯಾಗಿ ಬರೆದ ಆಜ್ಞೆಗಳನ್ನು ಸಹೋದ್ಯೋಗಿಗಳು ಟಿಪ್ಪಣಿ ಪುಸ್ತಕದಲ್ಲಿಟ್ಟುಕೊಂಡು, ಹೊಸ ಲೆಕ್ಕ ಬಂದಾಗ ಕೈಯಿಂದ ನಕಲು ಮಾಡುತ್ತಿದ್ದರು. ಹೀಗೆ ನಕಲು ಮಾಡುವಾಗ ತಪ್ಪುಗಳು ನುಸುಳುತ್ತಿದ್ದವು. ಈ ಬೇಸರದ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದು? ಈ ಪ್ರಶ್ನೆಯೇ ಮುಂದಿನ ಸಾಧನೆಯ ಬೀಜ.

1947ರ ಸೆಪ್ಟೆಂಬರ್‌ನಲ್ಲಿ 'ಮಾರ್ಕ್ 2' ಗಣಕದೊಳಗೆ ಸಿಕ್ಕಿದ ಪತಂಗವನ್ನು ದಿನಚರಿಯಲ್ಲಿ ಅಂಟಿಸಿದ ಪ್ರಸಂಗ ಜನಜನಿತ. ದೋಷಕ್ಕೆ 'ಬಗ್' ಎಂಬ ಹೆಸರಿಟ್ಟವರು ಹಾಪರ್ ಎಂಬ ಮಾತು ಮಾತ್ರ ನಿಜವಲ್ಲ. ಆ ಪದ ಎಡಿಸನ್ ಕಾಲದಲ್ಲೇ ಬಳಕೆಯಲ್ಲಿತ್ತು. ಆ ಕಥೆಯನ್ನು ಸ್ವಾರಸ್ಯವಾಗಿ ಹೇಳಿ ಹರಡಿದವರು ಆಕೆ.

1949ರಲ್ಲಿ ಹಾಪರ್ ಎಕರ್ಟ್-ಮಾಕ್ಲಿ ಕಂಪನಿ ಸೇರಿ 'ಯುನಿವ್ಯಾಕ್' ಗಣಕದ ಕೆಲಸ ಕೈಗೆತ್ತಿಕೊಂಡರು. 1952ರ ವೇಳೆಗೆ ಅವರ 'ಎ-0' ಕಂಪೈಲರ್ ಸಿದ್ಧವಾಗಿತ್ತು. ಬೇಕಾದ ತುಣುಕುಗಳನ್ನು ತಾನೇ ಹುಡುಕಿ ಜೋಡಿಸುವ ಕಾರ್ಯಕ್ರಮವದು. ಗಣಕ ಲೆಕ್ಕ ಮಾಡಬಲ್ಲುದೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದು ನಂಬಿದ್ದವರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಆಕೆ ಅಲ್ಲಿಗೇ ನಿಲ್ಲಲಿಲ್ಲ. ಗಣಿತದ ಚಿಹ್ನೆಗಳಿಗೆ ಹೆದರುವ ಗುಮಾಸ್ತರೂ ಲೆಕ್ಕಿಗರೂ ತಮಗೆ ತಿಳಿದ ಮಾತಿನಲ್ಲೇ ಗಣಕಕ್ಕೆ ಆಜ್ಞೆ ನೀಡುವಂತಾಗಬೇಕೆಂಬ ಹಂಬಲದಿಂದ, ಇಂಗ್ಲಿಷ್ ಪದಗಳನ್ನು ಬಳಸುವ 'ಫ್ಲೋ-ಮ್ಯಾಟಿಕ್' ಭಾಷೆಯನ್ನು ರೂಪಿಸಿದರು. 1959ರಲ್ಲಿ ತಜ್ಞರ ಸಮಿತಿಯೊಂದು 'ಕೋಬಾಲ್' ಭಾಷೆಯನ್ನು ರಚಿಸಲು ಹೊರಟಾಗ ಇದೇ ಮುಖ್ಯ ತಳಹದಿಯಾಯಿತು.

ವಯಸ್ಸಿನ ಕಾರಣಕ್ಕೆ 1966ರಲ್ಲಿ ನೌಕಾಪಡೆ ಆಕೆಯನ್ನು ನಿವೃತ್ತಿಗೊಳಿಸಿತು. ಮರುವರ್ಷವೇ ಆರು ತಿಂಗಳ ಮಟ್ಟಿಗೆಂದು ಮರಳಿ ಕರೆಯಿತು. ಆ ಆರು ತಿಂಗಳು ವರ್ಷಗಟ್ಟಲೆ ಬೆಳೆಯಿತು. 1986ರಲ್ಲಿ 79ರ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿ ಅಂತಿಮ ನಿವೃತ್ತಿ. ಉಪನ್ಯಾಸಗಳಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡುಗಳನ್ನು ಹಂಚಿ, ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಸಾಗುವ ದೂರ ಅದೆಂದು ತಿಳಿಸುವುದು ಆಕೆಯ ಪರಿಪಾಠ. ಅವರ ಕೋಣೆಯ ಗಡಿಯಾರದ ಮುಳ್ಳುಗಳು ಹಿಂದಕ್ಕೆ ತಿರುಗುತ್ತಿದ್ದವು. ರೂಢಿಯೇ ನಿಯಮವಲ್ಲ ಎಂದು ಬಂದವರಿಗೆ ನೆನಪಿಸಲು ಅಷ್ಟು ಸಾಕಿತ್ತು.

1992ರ ಜನವರಿ 1ರಂದು ಹಾಪರ್ ಕೊನೆಯುಸಿರೆಳೆದರು. ಆ ದಶಕದ ಅಂತ್ಯದಲ್ಲಿ, 2000ನೇ ಇಸವಿಯ ಗಣಕ ಸಮಸ್ಯೆಯನ್ನು ಬಗೆಹರಿಸಲು ಹಳೆಯ ಕೋಬಾಲ್ ಪ್ರೋಗ್ರಾಂಗಳನ್ನು ತಿದ್ದುವ ಕೆಲಸ ಬೆಂಗಳೂರಿನ ಕಂಪನಿಗಳಿಗೂ ಹರಿದುಬಂತು. ಅದಕ್ಕಾಗಿ ಆ ಭಾಷೆ ಕಲಿತ ಇಲ್ಲಿನ ತರುಣ ತರುಣಿಯರು, ತಿಳಿದೋ ತಿಳಿಯದೆಯೋ, ಈ ಗಣಿತದ ಮೇಡಂ ಹಾಕಿಕೊಟ್ಟ ದಾರಿಯಲ್ಲೇ ನಡೆದವರು. ಕಲಿಯಲು ತಡವಾಯಿತೆಂದು ಹಿಂಜರಿಯುವವರಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕೆ?