ಗೆರೆ ಎಳೆದವರು, ಕಪ್ ಕೊಟ್ಟವರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಡುರಾಂಡ್ ಎಂಬ ಹೆಸರು ಎರಡು ಕಡೆ ಸಿಗುತ್ತದೆ. ಅಫ್ಘಾನಿಸ್ತಾನ–ಪಾಕಿಸ್ತಾನದ ಗಡಿರೇಖೆ ಯಾವುದು? ಏಷ್ಯಾದ ಅತಿ ಹಳೆಯ ಫುಟ್‌ಬಾಲ್ ಟೂರ್ನಿ ಯಾವುದು? ಎರಡೂ ಒಬ್ಬರದೇ ಹೆಸರು ಎಂದು ನನಗೆ ಗೊತ್ತಾದದ್ದು ತಡವಾಗಿ.

ಸರ್ ಹೆನ್ರಿ ಮಾರ್ಟಿಮರ್ ಡುರಾಂಡ್ ಹುಟ್ಟಿದ್ದು 1850ರಲ್ಲಿ, ಭೋಪಾಲ್ ಬಳಿಯ ಸೆಹೋರ್‌ನಲ್ಲಿ. ತಂದೆ ಬ್ರಿಟಿಷ್ ಸೇನಾಧಿಕಾರಿ. ಮಗ 1873ರಲ್ಲಿ ಐಸಿಎಸ್ ಸೇರಿ, ಎರಡನೇ ಆಫ್ಘನ್ ಯುದ್ಧದ ಸಮಯದಲ್ಲಿ ಕಾಬೂಲ್‌ನಲ್ಲಿ ಕೆಲಸ ಮಾಡಿದರು. 1884ರಲ್ಲಿ, 34ನೇ ವಯಸ್ಸಿಗೇ ಬ್ರಿಟಿಷ್ ಭಾರತದ ವಿದೇಶಾಂಗ ಕಾರ್ಯದರ್ಶಿಯಾದರು.

ಅನಾರೋಗ್ಯದಿಂದ ಸಿಮ್ಲಾದಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಆಟದ ಬೆಲೆ ಅವರಿಗೆ ತಿಳಿಯಿತಂತೆ. ಸೈನಿಕರಿಗಾಗಿ 1888ರಲ್ಲಿ ಒಂದು ಕಪ್ ಕೊಟ್ಟರು. ಮೊದಲ ವರ್ಷ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಗೆದ್ದಿತು. 1893ರ ನವೆಂಬರ್ 12ರಂದು ಅಮೀರ್ ಅಬ್ದುರ್ ರಹಮಾನ್ ಜೊತೆ ಗಡಿ ಒಪ್ಪಂದಕ್ಕೆ ಸಹಿ ಹಾಕಿದರು. ಸುಮಾರು 2,600 ಕಿ.ಮೀ. ಉದ್ದದ ಆ ಗೆರೆ ಪಶ್ತೂನರ ನೆಲವನ್ನು ಎರಡು ಪಾಲು ಮಾಡಿತು. ಅದರ ಜಗಳ ಇನ್ನೂ ಮುಗಿದಿಲ್ಲ.

ಮುಂದೆ ಇರಾನ್, ಸ್ಪೇನ್, ಅಮೆರಿಕಗಳಲ್ಲಿ ರಾಯಭಾರಿಯಾಗಿದ್ದರು. 1906ರಲ್ಲಿ ವಾಷಿಂಗ್ಟನ್‌ನಿಂದ ಅವರನ್ನು ವಾಪಸ್ ಕರೆಸಿಕೊಳ್ಳಲಾಯಿತು. ಆಮೇಲೆ ಸಂಸತ್ ಚುನಾವಣೆಗೆ ನಿಂತು ಸೋತರು. 1924ರಲ್ಲಿ ತೀರಿಕೊಂಡರು.

ಕಪ್ ಮಾತ್ರ ಉಳಿಯಿತು. 1940ರಲ್ಲಿ ಟೂರ್ನಿ ದೆಹಲಿಗೆ ಬಂದಾಗ, ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಫೈನಲ್‌ನಲ್ಲಿ ಬ್ರಿಟಿಷ್ ಸೇನಾ ತಂಡವನ್ನು 2–1ರಿಂದ ಸೋಲಿಸಿ ಅದನ್ನು ಗೆದ್ದಿತು. ಭಾರತೀಯ ಕ್ಲಬ್ಬೊಂದು ಈ ಕಪ್ ಗೆದ್ದದ್ದು ಅದೇ ಮೊದಲು. ಅಲ್ಲಿಗೆ 52 ವರ್ಷ ಕಳೆದಿತ್ತು.

ನಮ್ಮಲ್ಲಿ ಟೂರ್ನಿಗಳು ಹುಟ್ಟುವುದೂ ನಿಲ್ಲುವುದೂ ಹೊಸದಲ್ಲ. ಲೀಗ್ ಚಾಂಪಿಯನ್ನರಿಗೂ ಫೆಡರೇಷನ್ ಕಪ್ ವಿಜೇತರಿಗೂ ನಡುವಿನ ಸೂಪರ್ ಕಪ್ 1997ರಲ್ಲಿ ಶುರುವಾಗಿ 2011ರ ಬಳಿಕ ನಿಂತುಹೋಯಿತು. 2018ರಲ್ಲಿ ಅದೇ ಹೆಸರಿನಲ್ಲಿ ನಾಕೌಟ್ ಟೂರ್ನಿ ಬಂದಾಗ, ಬೆಂಗಳೂರು ಎಫ್‌ಸಿ ಈಸ್ಟ್ ಬೆಂಗಾಲ್ ತಂಡವನ್ನು 4–1ರಿಂದ ಸೋಲಿಸಿ ಕಪ್ ತಂದಿತು. ಅದೇ ತಂಡ 2022ರಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು ಮಣಿಸಿ ಡುರಾಂಡ್ ಕಪ್ ಅನ್ನೂ ಎತ್ತಿತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಳೆ ನೀರು ನಿಂತ ಮೈದಾನದಲ್ಲೂ ಹುಡುಗರು ಫುಟ್‌ಬಾಲ್ ಆಡುತ್ತಾರೆ. ಅವರಲ್ಲಿ ಯಾರೂ ಡುರಾಂಡ್ ಅವರಿಗೆ ಋಣಿಯಾಗಬೇಕಿಲ್ಲ. ಆ ಕಪ್ ನಮಗೆಂದು ಕೊಟ್ಟದ್ದಲ್ಲ, ನಮ್ಮವರು ಆಡಿ ಗೆದ್ದುಕೊಂಡದ್ದು. ಮುಂದಿನ ಸಲ ಪ್ರಶ್ನೆಪತ್ರಿಕೆಯಲ್ಲಿ ಆ ಹೆಸರು ಕಂಡರೆ, ಗೆರೆಯ ಜೊತೆಗೆ 1940 ಕೂಡ ನೆನಪಾಗಲಿ.