ಆಡಿನ ರಕ್ತ ಕಲಿಸಿದ ಪಾಠ

ಒಂದು ಆಡಿನ ಮೈಗೆ ಮತ್ತೊಂದು ಆಡಿನ ರಕ್ತವನ್ನು ಸೇರಿಸಿದರೆ ಏನಾದೀತು? 1900ರ ಸುಮಾರಿಗೆ ಫ್ರಾಂಕ್‌ಫರ್ಟಿನಲ್ಲಿ ಪಾಲ್ ಎರ್ಲಿಖ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ಆತನಿಗೆ ನಲವತ್ತಾರರ ಪ್ರಾಯ.

ಎರ್ಲಿಖ್ ಹುಟ್ಟಿದುದು 1854ರ ಮಾರ್ಚ್ 14ರಂದು, ಆಗ ಪ್ರಷ್ಯಕ್ಕೆ ಸೇರಿದ್ದು ಇಂದು ಪೋಲೆಂಡಿನಲ್ಲಿರುವ ಸ್ಟ್ರೇಲನ್ ಎಂಬ ಊರಿನಲ್ಲಿ, ಯೆಹೂದ್ಯ ಮನೆತನದಲ್ಲಿ. ಬಣ್ಣಗಳ ಹುಚ್ಚನ್ನು ಹಿಡಿಸಿದವನು ಸೋದರಸಂಬಂಧಿ ಕಾರ್ಲ್ ವೈಗರ್ಟ್. ಒಂದು ಬಣ್ಣವು ಒಂದು ಬಗೆಯ ಜೀವಕೋಶಕ್ಕೆ ಮಾತ್ರ ಅಂಟಿ ಪಕ್ಕದ್ದನ್ನು ಮುಟ್ಟದೆ ಬಿಡುವುದೇಕೆ ಎಂಬ ಬೆರಗೇ ಆತನ ಸಂಶೋಧನೆಗೆಲ್ಲ ಬೀಜವಾಯಿತು. ಕ್ಷಯದ ಕ್ರಿಮಿಗೆ ಬಣ್ಣವೇರಿಸುವ ವಿಧಾನವನ್ನು ಸುಧಾರಿಸಿದನು. ಅದೇ ಕ್ಷಯ ತಗುಲಿ, ಈಜಿಪ್ಟಿನ ಬಿಸಿಲಿಗೆ ಹೋಗಿ ಗುಣಹೊಂದಿ ಬಂದನು. ಅಂಥವನು ದಿನಕ್ಕೆ ಇಪ್ಪತ್ತೈದು ಘಾಟಿನ ಚುಟ್ಟಗಳನ್ನು ಸೇದುತ್ತಿದ್ದನಂತೆ!

ಈಗ ಆಡಿನ ಮಾತು. ಸಹೋದ್ಯೋಗಿ ಮೋರ್ಗೆನ್‌ರೋಥನೊಡನೆ ನಡೆಸಿದ ಪ್ರಯೋಗದಲ್ಲಿ, ಆಡಿನ ಮೈಯಲ್ಲಿ ಪರರ ರಕ್ತಕಣಗಳನ್ನು ಒಡೆಯುವ ಪ್ರತಿವಸ್ತು ಹುಟ್ಟಿತು. ಆದರೆ ಅದು ಆ ಆಡಿನ ಸ್ವಂತ ರಕ್ತವನ್ನು ಮುಟ್ಟಲಿಲ್ಲ. ದೇಹಕ್ಕೆ ಆತ್ಮವಿಷದ ಭೀತಿಯುಂಟೆಂದು ಎರ್ಲಿಖ್ ಇದಕ್ಕೆ ಲ್ಯಾಟಿನ್ ಹೆಸರೊಂದನ್ನಿಟ್ಟನು: 'ಹಾರರ್ ಆಟೊಟಾಕ್ಸಿಕಸ್'. ಹೆಸರು ಗಂಭೀರವಾಗಿತ್ತು, ತೊಡಕೂ ಅಲ್ಲಿಯೇ ಹುಟ್ಟಿತು. ದೇಹವು ತನ್ನ ಮೇಲೆಯೇ ಏರಿಹೋಗುವುದು ಅಸಾಧ್ಯವೆಂದು ಲೋಕ ತಿಳಿಯಿತು. ಎರ್ಲಿಖ್ ಹೇಳಿದುದು ಅದಲ್ಲ. ಅಂಥ ಅನರ್ಥವಾಗದಂತೆ ತಡೆಯುವ ನಿಯಾಮಕ ಏರ್ಪಾಡೊಂದು ಒಳಗೆ ಇರಲೇಬೇಕೆಂಬುದು ಆತನ ಊಹೆ. ಚಳಿ ತಾಗಿದೊಡನೆ ಸ್ವಂತ ರಕ್ತಕಣಗಳೇ ಒಡೆಯುವ ರೋಗಕ್ಕೆ ರೋಗಿಯ ಪ್ರತಿವಸ್ತುವೇ ಕಾರಣವೆಂದು 1904ರಲ್ಲಿಯೇ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್ ತೋರಿಸಿದರೂ, ವೈದ್ಯಲೋಕವು ದಶಕಗಳ ಕಾಲ ಕಿವಿಗೊಡಲಿಲ್ಲ. ಇದು ಎರ್ಲಿಖ್‌ನ ತಪ್ಪಲ್ಲ, ಆತನ ಕೀರ್ತಿಯ ತಪ್ಪು ಎನ್ನಬೇಕು.

1908ರಲ್ಲಿ ಮೆಚ್ನಿಕಾಫ್‌ನೊಡನೆ ನೊಬೆಲ್ ಪಾರಿತೋಷಕ ಬಂದಿತು. 1910ರಲ್ಲಿ ಪರಂಗಿರೋಗಕ್ಕೆ ಸಾಲ್ವರ್ಸಾನ್ ಎಂಬ ಮದ್ದು. ಅದರ ಬೆನ್ನಿಗೇ ಬಂದ ನಿಂದೆಗಳು ಆತನನ್ನು ಕುಗ್ಗಿಸಿದುವು. 1915ರ ಆಗಸ್ಟ್ 20ರಂದು ಬಾಟ್ ಹೋಂಬುರ್ಗ್‌ನಲ್ಲಿ ತೀರಿಕೊಂಡನು. ಮುಂದೆ ನಾಜಿಗಳು, ಯೆಹೂದ್ಯನೆಂಬ ಕಾರಣಕ್ಕೆ, ಫ್ರಾಂಕ್‌ಫರ್ಟಿನ ಬೀದಿಯಿಂದ ಆತನ ಹೆಸರನ್ನು ಅಳಿಸಿದರು.

ಎರ್ಲಿಖ್ ಊಹಿಸಿದ ಏರ್ಪಾಡಿನ ಒಂದು ಮುಖ್ಯ ಭಾಗ ಕಣ್ಣಿಗೆ ಬಿದ್ದುದು ಬಹಳ ತಡವಾಗಿ. ಸ್ವದೇಹದ ಮೇಲೆ ಎರಗಬಲ್ಲ ಟಿ-ಕೋಶಗಳಲ್ಲಿ ಬಹುಪಾಲು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿಯೇ ನಾಶವಾಗುತ್ತವೆ. ನುಸುಳಿದವನ್ನು ಹತೋಟಿಯಲ್ಲಿಡುವ ಬೇರೊಂದು ಬಗೆಯ ಟಿ-ಕೋಶಗಳಿವೆಯೆಂದು 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ತೋರಿಸಿದರು. ಇವು ನಿಯಾಮಕ ಕೋಶಗಳು. ಉಳಿದ ಕೋಶಗಳನ್ನು ಹುರಿದುಂಬಿಸುವ ರಸವನ್ನು ತಾವೇ ಹೀರಿಕೊಂಡು ಅವುಗಳ ಆವೇಶವನ್ನು ಇಳಿಸುತ್ತವೆ. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಫಾಕ್ಸ್‌ಪಿ-3 ಎಂಬ ಜೀನನ್ನು ಗುರುತಿಸಿದರು. ಈ ಕೋಶಗಳ ಹುಟ್ಟಿಗೆ ಅದೇ ಆಧಾರವೆಂದು ಬೇಗನೆ ತಿಳಿಯಿತು. 2025ರ ನೊಬೆಲ್ ಈ ಮೂವರಿಗೆ ಸಂದಿತು. ಆ ಜೀನ್ ಕೆಟ್ಟು ಹುಟ್ಟಿದ ಗಂಡುಶಿಶುಗಳಲ್ಲಿ ಕರುಳು, ಚರ್ಮ, ಮೇದೋಜೀರಕ ಗ್ರಂಥಿಗಳು ಮೊದಲ ತಿಂಗಳುಗಳಲ್ಲಿಯೇ ತಮ್ಮದೇ ಕಾವಲಿನವರ ದಾಳಿಗೆ ತುತ್ತಾಗುತ್ತವೆ.