ಫಿರಂಗಿ ಶಿಲ್ಪಿ ಫ್ಯೋದರ್ ಪೆಟ್ರೋವ್
ರಷ್ಯದ ತುಲಾ ಸೀಮೆಯ ಹಳ್ಳಿಯೊಂದರಲ್ಲಿ 1902ರಲ್ಲಿ ಜನಿಸಿದ ಫ್ಯೋದರ್ ಪೆಟ್ರೋವರು ಮಾಸ್ಕೋದಲ್ಲಿ ವ್ಯಾಸಂಗ ಮುಗಿಸಿ, ಉರಲ್ ಪ್ರಾಂತದಲ್ಲಿ ಫಿರಂಗಿಗಳ ರಚನಾಕಾರರಾದರು. 152 ಮಿಲಿಮೀಟರ್ ವ್ಯಾಸದ ಎಂ-10 ಹಾವಿಟ್ಸರ್ ನಾಲ್ಕು ಟನ್ನಿಗೂ ಮಿಕ್ಕಿ ತೂಗುತ್ತಿತ್ತು. 1941ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. 1943ರಲ್ಲಿ ಸೈನ್ಯವು ಮುನ್ನಡೆಯತೊಡಗಿದಾಗ, ಅದರ ಹಿಂದೆಯೇ ಎಳೆದೊಯ್ಯಬಲ್ಲ ಭಾರಿ ಫಿರಂಗಿ ಬೇಕಾಯಿತು. ಹೊಸದನ್ನು ರೂಪಿಸಲು ವೇಳೆಯೆಲ್ಲಿ? ಪೆಟ್ರೋವರು ಎಂ-10ರ ನಳಿಗೆಯನ್ನು, ತಾವೇ ಹಿಂದೆ ರಚಿಸಿದ್ದ 122 ಮಿಲಿಮೀಟರಿನ ಎಂ-30ರ ಗಾಡಿಯ ಮೇಲೆ ಕೂಡಿಸಿದರು. ಹಗುರವಾದ ಆ ಗಾಡಿ ಹೊಡೆತದ ಹಿನ್ನೂಕನ್ನು ತಾಳದು. ಆದಕಾರಣ ನಳಿಗೆಯ ಬಾಯಿಗೆ, ಅನಿಲವನ್ನು ಪಕ್ಕಕ್ಕೆ ತಿರುಗಿಸುವ ತಡೆಯೊಂದನ್ನು ತೊಡಿಸಿದರು. ಮೂರು ವಾರಗಳೊಳಗೆ ಮಾದರಿ ಸಿದ್ಧವಾಯಿತು! ಕೊಲ್ಲುವ ಯಂತ್ರವೆಂಬುದು ದಿಟ. ದಾಳಿಗೊಳಗಾದ ನಾಡಿಗೆ ಅನ್ಯಮಾರ್ಗವಿರಲಿಲ್ಲ. 3,600 ಕಿಲೋಗ್ರಾಂ ತೂಕದ ಈ ಡಿ-1, ಅದೇ ಆಗಸ್ಟಿನಲ್ಲಿ ಸೇನೆಯನ್ನು ಸೇರಿ, ನಲವತ್ತು ಕಿಲೋಗ್ರಾಮಿನ ಗುಂಡನ್ನು 12 ಕಿಲೋಮೀಟರಿನಾಚೆಗೆ ಎಸೆಯುತ್ತಿತ್ತು. ಪೆಟ್ರೋವರು 1978ರಲ್ಲಿ ಸ್ವೆರ್ಡ್‌ಲೋವ್ಸ್ಕ್ ನಗರದಲ್ಲಿ ನಿಧನರಾದರು.